ಬೆರಳಗಲ

ಅಪ್ಪನ ಚಪ್ಪಲಿಯೊಳಗೆ ಕೆಂಪು ಮಣ್ಣು ಕಂಡ ಬೆಳಿಗ್ಗೆ ಮೊದಲ ಏಟು ಬಿದ್ದದ್ದು ನನಗೆ. ಅದರಲ್ಲಿ ಅನ್ಯಾಯವೇನೂ ಇರಲಿಲ್ಲ. ಹಿಂದಿನ ವಾರವಷ್ಟೇ ನಾನು ಕ್ಷೌರದ ಬೋರಣ್ಣನ ಚಪ್ಪಲಿಗೆ ಇಟ್ಟಿಗೆ ಪುಡಿ ಸುರಿದಿದ್ದೆ. ಅವನು ಗಿರಾಕಿಯ ಅರ್ಧ ಮೀಸೆ ತೆಗೆದು ಇನ್ನರ್ಧ ಹಾಗೇ ಬಿಟ್ಟು ಮನೆಗೆ ಓಡಿ, ಹೆಂಡತಿಯ ಕಾಲು ಹಿಡಿದು ಇದ್ದದ್ದನ್ನೆಲ್ಲ ಒಪ್ಪಿಕೊಂಡಿದ್ದ. ಒಪ್ಪಿಕೊಂಡದ್ದರಲ್ಲಿ ಅವಳಿಗೆ ಗೊತ್ತೇ ಇಲ್ಲದ ಸಂಗತಿಗಳು ಬೇಕಾದಷ್ಟಿದ್ದವು. ಈಗ ಬೋರಣ್ಣ ಅಂಗಡಿಯಲ್ಲೇ ಮಲಗುತ್ತಾನೆ.

“ನಿನ್ನ ಆಟ ನನ್ ಹತ್ರಾನೂ ಶುರು ಮಾಡ್ದೇನ್ಲಾ?” ಎಂದ ಅಪ್ಪ.

“ಅಪ್ಪಾ, ಈ ಡೈಲಾಗು ಕೈ ಎತ್ತೋಕೆ ಮುಂಚೆ ಬರ್ಬೇಕು. ಹೊಡೆದ ಮೇಲೆ ಹೇಳಿದ್ರೆ ಜನ ಸಿಳ್ಳೆ ಹಾಕಲ್ಲ.”

ಎರಡನೆಯ ಏಟು ಬಿತ್ತು. ಆಮೇಲೆ ಅಪ್ಪ ಬಗ್ಗಿ ಚಪ್ಪಲಿ ಎತ್ತಿಕೊಂಡು ಮೂಗಿಗೆ ಹಿಡಿದ. ಇಟ್ಟಿಗೆ ಪುಡಿಗೆ ವಾಸನೆ ಇರುವುದಿಲ್ಲ. ಇದಕ್ಕೆ ಅರಿಶಿನದ, ಕರ್ಪೂರದ, ಹುಳಿ ಮಜ್ಜಿಗೆಯ ವಾಸನೆ ಇತ್ತು. ಅಪ್ಪನ ಕೈ ನಿಧಾನಕ್ಕೆ ಕೆಳಗಿಳಿಯಿತು. ಅವ್ವ ಒಲೆಯ ಮುಂದಿನಿಂದ ಎದ್ದು ಬಂದು, ನೋಡಿ, ಬಾಗಿಲಿಗೆ ಒರಗಿ ನಿಂತಳು. ನಾನು ಕೆನ್ನೆ ಸವರಿಕೊಳ್ಳುತ್ತಿದ್ದೆ. ಯಾರೂ ನನಗೆ ತಪ್ಪಾಯಿತು ಅನ್ನಲಿಲ್ಲ. ಅಪ್ಪನ ಬಾಯಲ್ಲಿ ಆ ಮಾತು ಹುಟ್ಟಿದ್ದನ್ನು ನಮ್ಮೂರಲ್ಲಿ ಯಾರೂ ಕೇಳಿರಲಿಲ್ಲ.

ನಮ್ಮೂರಲ್ಲಿ ದೇವರಿಗೆ ಗುಡಿ ಇಲ್ಲ, ಗರಡಿ ಮನೆ ಇದೆ. ಅದರ ನಡುವೆ ಕೆಂಪು ಮಣ್ಣು ತುಂಬಿದ ಕುಸ್ತಿಯ ಗುಂಡಿ, ಗೋಡೆಯಲ್ಲಿ ಖಾಲಿ ಗೂಡು, ಗೂಡಿನಲ್ಲಿ ದೀಪ. ದೇವರನ್ನು ನಾವು ಜೋಡಿ ಎಂದು ಕರೆಯುತ್ತೇವೆ. ಕುಸ್ತಿಗೆ ಎದುರು ನಿಲ್ಲುವವನಿಗೆ ಇರುವ ಹೆಸರೇ ಅದು. ಚಪ್ಪಲಿಯಲ್ಲಿ ಮಣ್ಣು ಕಂಡರೆ ಅದು ಜೋಡಿಯ ಕರೆ, ಯಾಕೆಂದು ಅವನು ಹೇಳುವುದಿಲ್ಲ. ಕಂಡವರು ಮರುದಿನ ಬೆಳಕು ಹರಿಯುವ ಹೊತ್ತಿಗೆ ಗುಂಡಿಗೆ ಇಳಿಯಬೇಕು. ಕಿಟಕಿಯಲ್ಲಿ ನಿಂತವರಿಗೆ ಒಬ್ಬರೇ ಕಾಣುತ್ತಾರೆ. ಗಾಳಿಯನ್ನು ತಬ್ಬಿಕೊಂಡು, ಗಾಳಿಯಿಂದ ಎಸೆಯಿಸಿಕೊಂಡು, ಹಲ್ಲು ಕಚ್ಚಿ ಮತ್ತೆ ಏಳುವ ಒಬ್ಬರೇ. ಬೆನ್ನಿಗೆ ಪೂರಾ ಮಣ್ಣು ಹತ್ತಿದ ದಿನ ಬಿಡುಗಡೆ. ಸುಮ್ಮನೆ ಹೋಗಿ ಅಂಗಾತ ಬಿದ್ದುಕೊಂಡರೆ ಆಗುವುದಿಲ್ಲ. ಬೇಕಂತ ಬಿದ್ದವರ ಬೆನ್ನಿಗೆ ಮಣ್ಣು ಹತ್ತುವುದಿಲ್ಲ, ಎದ್ದಾಗ ಬೆನ್ನು ತೊಳೆದಿಟ್ಟ ತಟ್ಟೆಯ ಹಾಗಿರುತ್ತದೆ. ಹೋಗದೆ ತಪ್ಪಿಸಿಕೊಂಡರೆ ಚಪ್ಪಲಿ ದಿನದಿನಕ್ಕೂ ಭಾರವಾಗುತ್ತದೆ. ಒಬ್ಬ ಮೇಷ್ಟ್ರು ಬಸ್ಸು ಹತ್ತಿ ಊರು ಬಿಡಲು ನೋಡಿ, ಮೆಟ್ಟಿಲ ಮೇಲೆ ಎರಡನೆಯ ಕಾಲು ಎತ್ತಲಾರದೆ ಸಿಕ್ಕಿಕೊಂಡಿದ್ದರು. ಬರಿಗಾಲಲ್ಲಿ ಹೋಗಬಹುದಿತ್ತಲ್ಲ ಅಂತ ಕೇಳಿದ್ದಕ್ಕೆ ಅವರು ನನ್ನ ಕಿವಿ ಹಿಂಡಿದರು. ಬರಿಗಾಲು ಇನ್ನೂ ಭಾರವಂತೆ.

ಗುಂಡಿಯಿಂದ ಬಂದವರೆಲ್ಲ ಒಳ್ಳೆಯವರಾಗಿ ಬರುತ್ತಾರೆ ಅಂತೇನಿಲ್ಲ. ಒಳಗೆ ಒಂದೇನೋ ಮುರಿದುಕೊಂಡು ಬರುತ್ತಾರೆ. ಹಾಲಿನ ಮುದ್ದಕ್ಕ ನೀರು ಬೆರೆಸುವುದನ್ನು ಬಿಟ್ಟಳು, ನಗುವುದನ್ನೂ ಬಿಟ್ಟಳು.

ಅಪ್ಪ, ಉಸ್ತಾದ್ ದೊಡ್ಡತಮ್ಮಯ್ಯ, ಆ ಗರಡಿಯ ಯಜಮಾನ. ಬೆಳಗಾಗುವ ಮುಂಚೆ ಸ್ನಾನ ಮಾಡಿ, ಮಣ್ಣು ಹದ ಮಾಡಿ, ಗೂಡಿಗೆ ದೀಪ ಹಚ್ಚಿ ಕೈ ಮುಗಿದು ಕೂರುತ್ತಿದ್ದ. ಆ ದಿನದ ಬೆನ್ನು ನೋಡುವ ತನಕ ತೊಟ್ಟು ನೀರು ಕುಡಿಯುತ್ತಿರಲಿಲ್ಲ. ಕುಸ್ತಿ ಮುಗಿದವರು ಬಂದು ಅವನಿಗೆ ಬೆನ್ನು ತಿರುಗಿಸಿ ನಿಲ್ಲಬೇಕು. ಅಪ್ಪ ದೀಪ ಹಿಡಿದು ಮೇಲಿನಿಂದ ಕೆಳಗೆ ನೋಡುತ್ತಿದ್ದ. ಮಣ್ಣು ಪೂರಾ ಇದ್ದರೆ “ತುಂಬೈತೆ, ಹೋಗು” ಎನ್ನುತ್ತಿದ್ದ. ಇಲ್ಲದಿದ್ದರೆ “ಬೆರಳಗಲ ಉಳ್ದೈತೆ. ನಾಳೆ ಬಾ” ಎನ್ನುತ್ತಿದ್ದ. ಹೆಂಗಸರ ಸರದಿ ಬಂದಾಗ ಕಿಟಕಿಗೆ ಕಂಬಳಿ ಕಟ್ಟಿ ಅವ್ವ ಒಳಗೆ ಹೋಗುತ್ತಿದ್ದಳು. ಅವಳೂ ಅದೇ ಎರಡು ಮಾತು ಹೇಳಬೇಕಿತ್ತು. ಆದರೆ ಅವ್ವ ಮೊದಲು ಒಂದು ಲೋಟ ಬೆಲ್ಲದ ನೀರು ಕೊಡುತ್ತಾಳೆಂದು ಊರಿಗೆಲ್ಲ ಗೊತ್ತಿತ್ತು. ಅಪ್ಪನಿಗೆ ಮಾತ್ರ ಗೊತ್ತಿರಲಿಲ್ಲ.

ನನ್ನ ಕೆಲಸ ಟೆಂಟ್ ಸಿನಿಮಾದ್ದು. ಹೊಸ ಪಿಕ್ಚರ್ ಬಂದಾಗ ಗಾಡಿಯಲ್ಲಿ ಕೂತು ಮೈಕಿನಲ್ಲಿ ಊರೆಲ್ಲ ಕೂಗುತ್ತೇನೆ. ನಾಯಕನ ಗಂಟಲು, ಖಳನ ಗಂಟಲು, ಅತ್ತೆಯ ಗಂಟಲು ಎಲ್ಲ ಬರುತ್ತವೆ. ಊರಿನವರ ಗಂಟಲೂ ಬರುತ್ತದೆ. ನನಗೆ ಹೆಸರಿಟ್ಟವರು ಯಾರೋ, ಉಳಿದದ್ದು ಡೈಲಾಗು ಎಂಬ ಅಡ್ಡಹೆಸರು. ಬೀದಿಯಲ್ಲಿ ನಿಂತು ಅಪ್ಪನ ಗಂಟಲಲ್ಲೇ “ಬೆರಳಗಲ ಉಳ್ದೈತೆ, ನಾಳೆ ಬಾ” ಎಂದರೆ ಹೋಟೆಲಿನಲ್ಲಿ ಕೂತವರು ಕಾಫಿ ಚೆಲ್ಲಿಕೊಂಡು ನಗುತ್ತಿದ್ದರು. ಚೆಲುವಯ್ಯ ಸತ್ತ ಮೇಲೆ ಆ ಮಾತಿಗೆ ಯಾರೂ ನಗುವುದಿಲ್ಲ. ನಾನೂ ಹೇಳುವುದಿಲ್ಲ.

ಚೆಲುವಯ್ಯ ಆಲೆಮನೆಯಲ್ಲಿ ಬೆಲ್ಲ ಕಾಯಿಸುತ್ತಿದ್ದವನು. ಸಣಕಲು ಆಳು, ಹೊಗೆ ಕುಡಿದು ಕುಡಿದು ಎದೆಯಲ್ಲಿ ಸದಾ ಗೊರಗೊರ. ಅವನ ಚಪ್ಪಲಿಗೆ ಮಣ್ಣು ಬಂದ ಮರುದಿನವೇ ನಿಜವಾಗಿ ಬಿದ್ದ. ಅವನನ್ನು ಎಸೆಯುವುದಕ್ಕೆ ಜೋಡಿಯೇನು, ಜೋರು ಗಾಳಿ ಸಾಕಿತ್ತು. ಬೆನ್ನೆಲ್ಲ ಕೆಂಪಾಗಿತ್ತು. ಎಡ ಹೆಗಲಿನ ಹಲಗೆ ಮೂಳೆಯ ಕೆಳಗೆ ಮಾತ್ರ ಬೆರಳಗಲ ಜಾಗ ಬೋಳಾಗಿತ್ತು. ಅವನ ಹೆಂಡತಿ ಜವರಮ್ಮ ಕಿಟಕಿಯ ಸರಳುಗಳ ನಡುವಿನಿಂದ ಒಂದು ಬಟ್ಟಲು ಚಾಚಿ ಹೇಳಿದಳು. ನಾನು ಅವಳ ಪಕ್ಕದಲ್ಲೇ ನಿಂತಿದ್ದೆ.

“ಉಸ್ತಾದ್ರೇ, ಅದು ಸುಟ್ಟ ಕಲೆ. ಮದ್ವೆಗೆ ಮುಂಚೆ ಪಾಕದ ಕೊಪ್ಪರಿಗೆಗೆ ಒರಗಿಬಿಟ್ಟಿದ್ರು. ಸುಟ್ಟ ಚರ್ಮ ಬೆವರಲ್ಲ, ಮಣ್ಣು ಹ್ಯಾಗೆ ಹತ್ತುತ್ತೆ? ಹರಳೆಣ್ಣೆ ತಂದಿದೀನಿ. ಅಷ್ಟು ಜಾಗಕ್ಕೆ ಸವರ್ಲಾ?”

“ನಿಜವಾಗಿ ಬಿದ್ದಿದ್ರೆ ಕಲೆಗೂ ಹತ್ತುತ್ತೆ ಕಣಮ್ಮ,” ಎಂದ ಅಪ್ಪ. “ದೇವರ ಮಣ್ಣಿಗೆ ನಿನ್ನ ಎಣ್ಣೆ ಬೇಡ.”

“ಬಿದ್ದಿದ್ದು ನಾನೇ ನೋಡಿದ್ನಲ್ಲ.”

“ನಿನ್ನ ಕಣ್ಣಿಗಿಂತ ನನ್ನ ಕಣ್ಣು ಚೆನ್ನಾಗೈತೆ. ನಾಳೆ ಬಾ ಚೆಲುವಯ್ಯ.”

ಚೆಲುವಯ್ಯ ಮರುದಿನ ಬಂದ. ಅದರ ಮರುದಿನವೂ ಬಂದ. ದಿನವೂ ನಿಜವಾಗಿ ಬಿದ್ದ, ದಿನವೂ ಅದೇ ಬೆರಳಗಲ ಉಳಿಯಿತು. ಕೊನೆಗೆ ಒಂದು ಬೆಳಿಗ್ಗೆ ಎದ್ದು ನಿಂತು ಬೆನ್ನು ತೋರಿಸುವುದಕ್ಕೆ ಅವನಿಗೆ ಉಸಿರು ಸಾಲಲಿಲ್ಲ. ಅಪ್ಪ ಹೆಣಕ್ಕೆ ಹೆಗಲು ಕೊಟ್ಟ, ಹನ್ನೊಂದನೆಯ ದಿನದ ಊಟಕ್ಕೆ ಅಕ್ಕಿ ಕಳಿಸಿದ. ನಿಯಮ ನಿಯಮವೇ ಎಂದ. ಜವರಮ್ಮ ಅಕ್ಕಿಯನ್ನು ನಮ್ಮ ಜಗಲಿಯ ಮೇಲೆ ವಾಪಸ್ಸು ಇಟ್ಟು ಹೋದಳು. ಮಾರುಕಟ್ಟೆಯ ಹತ್ತಿರವಿದ್ದ ತನ್ನ ಬೋಂಡಾದ ಗಾಡಿಯನ್ನು ತಳ್ಳಿಕೊಂಡು ಬಂದು ಗರಡಿಯ ಬಾಗಿಲಿಗೆ ನೇರ ಎದುರು ನಿಲ್ಲಿಸಿದಳು. ಜಗಳ ಇಲ್ಲ, ಶಾಪ ಇಲ್ಲ. ಅಪ್ಪ ಹೊರಗೆ ಬಂದಾಗಲೆಲ್ಲ ಬೋಂಡಾ ತೆಗೆಯುವ ಜಾಲರಿಯನ್ನು ಬಾಣಲೆಯ ಅಂಚಿಗೆ ಒಂದು ಸಲ ಕುಟ್ಟುತ್ತಿದ್ದಳು, ಅಷ್ಟೇ.

ಇಂಥ ಅಪ್ಪನ ಚಪ್ಪಲಿಗೆ ಮಣ್ಣು ಬಂದದ್ದು.

ಮೊದಲ ದಿನ ಕಿಟಕಿಯಲ್ಲಿ ಜಾಗವಿರಲಿಲ್ಲ. ಅಪ್ಪ ಹರೆಯದಲ್ಲಿ ಸುತ್ತಲಿನ ಊರುಗಳ ಪೈಲ್ವಾನರನ್ನೆಲ್ಲ ಚಿತ್ ಮಾಡಿದವನು. ಅವನ ಬೆನ್ನಿಗೆ ಮಣ್ಣು ಮುಟ್ಟಿದ್ದನ್ನು ಕಂಡವರಿಲ್ಲ. ದೀಪಕ್ಕೆ ಕೈ ಮುಗಿದು, ಒಂದು ಹಿಡಿ ಮಣ್ಣು ಹಣೆಗೆ ಒತ್ತಿಕೊಂಡು, ತೊಡೆ ತಟ್ಟಿ ಇಳಿದ. ಆಮೇಲೆ ಗಾಳಿಯ ಕತ್ತು ಹಿಡಿದು ನಿಂತ. ಕುತ್ತಿಗೆಯ ನರಗಳು ಹಗ್ಗದ ಹಾಗೆ ಉಬ್ಬಿದವು. ಒಂದು ಕ್ಷಣದಲ್ಲಿ ಅವನ ಎರಡು ಕಾಲೂ ನೆಲ ಬಿಟ್ಟವು. ಆದರೆ ಬೀಳುವಾಗ ಬೆಕ್ಕಿನ ಹಾಗೆ ಹೊರಳಿ ಎದೆಯ ಮೇಲೆ ಬಿದ್ದ. ಮತ್ತೆ ಎದ್ದ. ಮತ್ತೆ ಎಸೆತ, ಮತ್ತೆ ಪಕ್ಕಕ್ಕೆ ಹೊರಳಿದ. ಬಿಸಿಲು ಕಿಟಕಿಗೆ ಬಂದಾಗ ಆಟ ನಿಂತಿತು. ಅಪ್ಪನ ಎದೆ, ಮೊಣಕಾಲು, ಮುಖ ಎಲ್ಲ ಕೆಂಪು. ಬೆನ್ನು ಒಂದು ಕಣವೂ ಇಲ್ಲದೆ ಹೊಳೆಯುತ್ತಿತ್ತು.

“ಬೆನ್ನು ನೋಡೋ ಕೆಲ್ಸಾನೇ ಇಲ್ವಲ್ಲಪ್ಪ,” ಎಂದ ಬೋರಣ್ಣ. ಅದನ್ನು ಹೊಗಳಿಕೆಯ ಹಾಗೇ ಹೇಳಿದ್ದ. ಅಪ್ಪನೂ ಹಾಗೇ ತೆಗೆದುಕೊಂಡ.

ನಾನು ಖಳನಾಯಕನ ಗಂಟಲು ತೆಗೆದು “ಈ ಭೂಮಿ ಮೇಲೆ ನನ್ನ ಬೀಳಿಸೋನು ಇನ್ನೂ ಹುಟ್ಟಿಲ್ಲ” ಎಂದೆ. ಎಲ್ಲರೂ ನಕ್ಕರು. ಎದುರು ಗಾಡಿಯಲ್ಲಿ ಜಾಲರಿಯ ಸದ್ದು ಒಂದು ಸಲ ಕೇಳಿತು.

ಎರಡನೆಯ ವಾರಕ್ಕೆ ಕಿಟಕಿಯಲ್ಲಿ ನಾನೊಬ್ಬನೇ ಉಳಿದೆ. ಅಪ್ಪನ ಒಂದು ಕಿವಿ ಜಜ್ಜಿ ಹೋಗಿತ್ತು. ಎಡಗೈ ಎದೆಯ ಮಟ್ಟಕ್ಕಿಂತ ಮೇಲೆ ಬರುತ್ತಿರಲಿಲ್ಲ. ಬಲಗೈ ಬೆರಳುಗಳೂ ಊದಿ, ಅನ್ನ ಕಲಸಿದರೆ ಸಂದಿಯಿಂದ ಉದುರುತ್ತಿತ್ತು, ಉದುರಿದ್ದನ್ನು ನಾವು ಕಂಡೂ ಕಾಣದವರ ಹಾಗೆ ಗೋಡೆ ನೋಡುತ್ತಿದ್ದೆವು. ಅವ್ವ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಪಕ್ಕೆಗೆ ಶಾಖ ಕೊಡುತ್ತಿದ್ದಳು.

“ಬಿದ್ಬುಡಿ ಅತ್ಲಾಗೆ,” ಎಂದಳು ಒಂದು ಸಂಜೆ. “ದೇವರ ಮುಂದೆ ಬಿದ್ರೆ ಯಾರ್ ನಗ್ತಾರೆ?”

“ದಿನಾ ದೀಪ ಹಚ್ತೀನಿ. ಉಪವಾಸ ಇರ್ತೀನಿ. ಅವನಿಗೆ ಏನ್ ಕಮ್ಮಿ ಮಾಡಿದೀನಿ ಹೇಳು.”

“ಅವನು ಕೇಳ್ತಿರೋದು ದೀಪ ಅಲ್ಲ ಅಂತ ಕಾಣುತ್ತೆ.”

“ಭಕ್ತಿ ಬೇರೆ ಕಣೆ. ಬೆನ್ನು ಬೇರೆ.”

ಅವ್ವ ಉಪ್ಪಿನ ಗಂಟನ್ನು ಸ್ವಲ್ಪ ಜೋರಾಗಿಯೇ ಒತ್ತಿದಳು. ಅಪ್ಪ ಹಲ್ಲು ಕಚ್ಚಿದ. ಸ್ವಲ್ಪ ಹೊತ್ತಿನ ಮೇಲೆ, ನಾನಿರುವುದನ್ನು ಮರೆತವನ ಹಾಗೆ ಹೇಳಿದ: “ಅವನ ಕೈ ಬಿಸಿ. ಎಲ್ಲಿಂದಾದ್ರೂ ಪಟ್ಟು ಹಾಕ್ಲಿ, ಕೊನೆಗೆ ಬಂದು ಬೆನ್ನಲ್ಲಿ ಒಂದೇ ಕಡೆ ಹಿಡೀತಾನೆ. ಬೇರೆ ಕಡೆ ಹಿಡಿದ್ರೆ ನಾನು ಯಾವತ್ತೋ ಬಿದ್ದಿರ್ತಿದ್ದೆ. ಅವನು ಬೀಳಿಸೋಕೆ ಹಿಡೀತಾ ಇಲ್ಲ. ಏನೋ ತೋರಿಸ್ತಾ ಅವ್ನೆ. ಏನು ಅಂತ ಗೊತ್ತಾಗ್ತಾ ಇಲ್ಲ.”

ಮೂಳೆ ಕಟ್ಟುವವರು ಬಂದು ಪಕ್ಕೆ ಮುಟ್ಟಿ ನೋಡಿ, ನನ್ನನ್ನು ಹೊರಗೆ ಕರೆದರು. ಮುರಿದ ಎಲುಬು ಶ್ವಾಸಕೋಶದ ಹತ್ತಿರ ಬಂದಿದೆಯಂತೆ. ಹೀಗೇ ಎದೆಯ ಮೇಲೆ ಬೀಳುತ್ತಾ ಹೋದರೆ ಒಂದು ದಿನ ಅದು ಒಳಗೆ ಇಳಿಯುತ್ತದೆ. “ಬೆನ್ನ ಮೇಲೆ ಬೀಳೋಕೆ ಹೇಳಪ್ಪ ನಿಮ್ಮಪ್ಪಂಗೆ. ಬೆನ್ನ ಮೇಲೆ ಬಿದ್ರೆ ಬದುಕ್ತಾರೆ,” ಎಂದರು. ಹಗ್ಗ, ಬಿದಿರಿನ ದಬ್ಬೆಗಳನ್ನು ಚೀಲಕ್ಕೆ ಹಾಕಿಕೊಂಡು, ಅವ್ವ ಕೊಟ್ಟ ಕಾಫಿಯನ್ನೂ ಕುಡಿಯದೆ ಹೊರಟರು.

ಸಿನಿಮಾದಲ್ಲಾದರೆ ಮಗ ಇಲ್ಲಿ ಗೂಡಿನ ಮುಂದೆ ನಿಂತು ದೇವರಿಗೆ ಸವಾಲು ಹಾಕುತ್ತಾನೆ, ಗಂಟೆಗಳು ತಾವೇ ಹೊಡೆದುಕೊಳ್ಳುತ್ತವೆ. ನಮ್ಮ ಗರಡಿಯಲ್ಲಿ ಗಂಟೆ ಇಲ್ಲ. ನಾನು ನನಗೆ ಬರುವ ಕೆಲಸವನ್ನೇ ಮಾಡಿದೆ. ಮಧ್ಯಾಹ್ನ ಗರಡಿಯಿಂದ ಒಂದು ಡಬ್ಬಿ ಹಸಿ ಮಣ್ಣು ಕದ್ದು ತಂದೆ. ಅಪ್ಪ ಊಟ ಮಾಡಿ ಬೋರಲಾಗಿ ಮಲಗಿದ್ದ. ಬೆನ್ನಿಗೆ ಪೂರಾ ಮೆತ್ತಿಬಿಡುವುದು, ಟೆಂಟಿನ ಮೈಕು ಹಿಡಿದು ಅಪ್ಪನ ಗಂಟಲಲ್ಲೇ “ತುಂಬೈತೆ” ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗಿಬಿಡುವುದು. ಜೋಡಿಗೆ ಸಿಟ್ಟು ಬಂದರೆ ನನ್ನ ಚಪ್ಪಲಿ ಇದ್ದೇ ಇದೆ.

ಮಣ್ಣು ತಣ್ಣಗಿತ್ತು. ಹೆಗಲಿನಿಂದ ಶುರು ಮಾಡಿದೆ. ಬೆವರಿದ ಬೆನ್ನು, ಚೆನ್ನಾಗಿ ಹತ್ತಿತು. ಎಡ ಹೆಗಲಿನ ಹಲಗೆ ಮೂಳೆಯ ಕೆಳಗೆ ಬಂದಾಗ ಮಾತ್ರ ಹಚ್ಚಿದ್ದು ಹಾಗೇ ಜಾರಿ ಚಾಪೆಯ ಮೇಲೆ ಬಿತ್ತು. ಮತ್ತೆ ಹಚ್ಚಿದೆ. ಮತ್ತೆ ಜಾರಿತು. ಬಗ್ಗಿ ನೋಡಿದರೆ ಅಲ್ಲಿ ಚರ್ಮ ನುಣ್ಣಗೆ, ಬೆಳ್ಳಗೆ, ಕುದಿದ ಪಾಕ ಬಿದ್ದು ವಾಸಿಯಾದ ಹಾಗಿತ್ತು. ಮಲಗಿದವನ ಬೆನ್ನೆಲ್ಲ ಬೆವರಿದ್ದರೂ ಆ ಜಾಗ ಒಣಗಿತ್ತು. ಅಗಲ ಒಂದು ಬೆರಳು.

“ಎಲ್ಲಿ ನಿಲ್ತಾ ಇಲ್ಲ?” ಎಂದ ಅಪ್ಪ.

ಅವನು ನಿದ್ದೆ ಮಾಡಿರಲಿಲ್ಲ. ಏಟಿಗೆ ಕೆನ್ನೆ ಸಿದ್ಧ ಮಾಡಿಕೊಂಡೆ. ಏಟು ಬರಲಿಲ್ಲ.

“ಎಡಗಡೆ ಹಲಗೆ ಕೆಳಗೆ.”

“ಎಷ್ಟು?”

ನನಗೆ ಆ ಮಾತು ಬಾಯಿಗೆ ಬರಲಿಲ್ಲ. ಊರೆಲ್ಲ ನಗಿಸಿದ್ದ ಮಾತು. ನನ್ನ ಬೆರಳನ್ನು ಆ ಕಲೆಯ ಮೇಲೆ ಅಡ್ಡವಾಗಿ ಇಟ್ಟೆ. ಸರಿಯಾಗಿ ಕೂತಿತು. ಚರ್ಮ ಜ್ವರ ಬಂದವರ ಹಣೆಯ ಹಾಗೆ ಸುಡುತ್ತಿತ್ತು.  ಅಪ್ಪನ ಬೆನ್ನು ಏರಿಳಿಯುವುದು ನಿಂತ ಹಾಗಾಗಿ ನನಗೆ ಭಯವಾಯಿತು. ಆಮೇಲೆ ಚಾಪೆಯೊಳಕ್ಕೆ ಮುಖ ಒತ್ತಿಕೊಂಡೇ ಹೇಳಿದ: “ಚೆಲುವಯ್ಯ ಪೂರಾ ಬಿದ್ದಿದ್ದ.”

ನಾನು ಕಲೆಯ ಮೇಲಿಂದ ಬೆರಳು ತೆಗೆದೆ.

“ದಿನಾ ಪೂರಾ ಬಿದ್ದಿದ್ದ ಕಣ್ಲಾ. ನಾನೇ ನಿಂತು ನೋಡ್ದೆ.” ಆಮೇಲೆ, “ನಾಳೆ ಬೆಳಿಗ್ಗೆ ಬೆನ್ನು ನೋಡೋಕೆ ಜವರಮ್ಮನ್ನ ಕರಿ,” ಎಂದ.

ಮನೆಯವರು ಮನೆಯವರ ಬೆನ್ನು ನೋಡುವ ಹಾಗಿಲ್ಲ. ಆದ್ದರಿಂದ ಅವ್ವ ಆಗುವುದಿಲ್ಲ. ಅಪ್ಪನ ಬೆನ್ನಿಗೆ ಬೋರಣ್ಣನೇ ಸರಿ, ಅವನು ಯಾರಿಗೂ ಇಲ್ಲ ಅನ್ನುವುದಿಲ್ಲ ಎಂದು ಊರವರೆಲ್ಲ ಮಾತಾಡಿಕೊಂಡಿದ್ದರು.

“ಅಪ್ಪಾ, ಬೋರಣ್ಣನ ಕರೀತೀನಿ. ಜವರಕ್ಕ ಬ್ಯಾಡ. ಅವಳು ನಿನ್ನ ಬಿಡಲ್ಲ.”

“ಜವರಮ್ಮನ್ನ ಕರಿ ಅಂದೆ.”

“ನಾಳೆ ಬೀಳ್ತೀನಿ ಅಂತ ಇವತ್ತೇ ಹೇಳಿದ್ರೆ ಬೇಕಂತ ಬಿದ್ದ ಹಾಗಾಗಲ್ವಾ?”

“ಬೀಳ್ತೀನಿ ಅಂದ್ನಾ? ಬೀಳಲ್ಲ ಅನ್ನೋದು ಬಿಟ್ಟೆ, ಅಷ್ಟೇ.”

ಜವರಮ್ಮ ಈರುಳ್ಳಿ ಹೆಚ್ಚುತ್ತಿದ್ದಳು. ಗಾಡಿಯ ಮುಂದೆ ನಿಂತು ನಾನು ಗಂಟಲು ಸರಿಮಾಡಿಕೊಂಡೆ.

“ಏನ್ಲಾ ಡೈಲಾಗು. ಇವತ್ತು ಯಾರ ಗಂಟ್ಲು?”

“ನಂದೇ ಅಕ್ಕ. ನಾಳೆ ಬೆನ್ನು ನೋಡ್ಬೇಕಂತೆ ನೀನು.”

“ಯಾರ್ದು?”

“ಅಪ್ಪಂದು.”

ಚಾಕು ನಿಂತಿತು. “ನನ್ ಕಣ್ಣು ಚೆನ್ನಾಗಿಲ್ಲ ಅಂತ ನಿಮ್ಮಪ್ಪನೇ ಹೇಳಿದ್ರಲ್ಲ.”

“ಅಕ್ಕ, ಒಳಗೆ ಎಲುಬು ಮುರಿದೈತೆ. ಇನ್ನು ನಾಕು ದಿನ ಹಿಂಗೇ ಆದ್ರೆ ಅಪ್ಪ ಸತ್ತೋಗ್ತಾನೆ.”

“ಸಾಯ್ಬಹುದು,” ಎಂದಳು ಜವರಮ್ಮ. ಕೋಪವೇ ಇರಲಿಲ್ಲ. ಚಟ್ನಿ ಮುಗಿಯಿತು ಎಂದು ಗಿರಾಕಿಗೆ ಹೇಳುವ ಹಾಗೆ ಹೇಳಿದಳು. “ನಮ್ಮೋರು ಸತ್ರು. ಊರು ನಿಂತೋಯ್ತಾ?”

ನನ್ನ ತಲೆಯಲ್ಲಿ ಎಷ್ಟು ಪಿಕ್ಚರಿನ ಮಾತುಗಳಿವೆಯೋ ಅಷ್ಟನ್ನೂ ಹುಡುಕಿದೆ. ತಾಯಿ ಸೆಂಟಿಮೆಂಟು, ತಂಗಿ ಸೆಂಟಿಮೆಂಟು, ಕೋರ್ಟಿನ ಸೀನು. ಒಂದೂ ಅವಳ ಮುಖದ ಮುಂದೆ ನಿಲ್ಲುವ ಹಾಗಿರಲಿಲ್ಲ. ಕೊನೆಗೆ ಹೇಳಿದ್ದು ಇಷ್ಟೇ: “ಅಪ್ಪನ ಬೆನ್ನಲ್ಲೂ ಬಂದೈತೆ ಅಕ್ಕ. ಚೆಲುವಯ್ಯಣ್ಣಂಗೆ ಇದ್ದ ಜಾಗದಲ್ಲೇ. ಅಷ್ಟೇ ಅಗಲ.”

ಅವಳು ತುಂಬ ಹೊತ್ತು ನನ್ನನ್ನೇ ನೋಡಿದಳು. ಇದು ಹೊಸ ಚೇಷ್ಟೆಯೋ ಎಂದು ನೋಡಿದಳೇನೋ. ಆಮೇಲೆ ಮತ್ತೆ ಈರುಳ್ಳಿ ಹೆಚ್ಚತೊಡಗಿದಳು. ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅಂತಲೂ ಅನ್ನಲಿಲ್ಲ.

ಮರುದಿನ ಕಿಟಕಿ ಮತ್ತೆ ತುಂಬಿತ್ತು. ಅಪ್ಪ ತೊಡೆ ತಟ್ಟಲಿಲ್ಲ. ಗುಂಡಿಯ ಅಂಚು ಹಿಡಿದುಕೊಂಡು ಒಂದೊಂದೇ ಕಾಲು ಇಳಿಸಿದ. ಆದರೆ ಹೋರಾಡಿದ್ದು ಮಾತ್ರ ಪೂರ್ತಿ. ಒಂದೇ ಕೈಯಲ್ಲಿ ಸೊಂಟದ ಪಟ್ಟು ಹಾಕಿದ, ತಲೆ ಕೊಟ್ಟು ತಳ್ಳಿದ, ಬಾಯಿಂದ ನೊರೆ ಬಂತು. ಆಮೇಲೆ ಅವನ ಬೆನ್ನ ಎಡಭಾಗದ ಚರ್ಮ ಒಂದು ಅಂಗೈಯ ಅಗಲಕ್ಕೆ ಒಳಗೆ ಒತ್ತಿಕೊಂಡದ್ದು ನಮಗೆಲ್ಲ ಕಂಡಿತು. ಅಪ್ಪನ ಎರಡು ಕಾಲೂ ನೆಲ ಬಿಟ್ಟವು. ಈ ಸಲ ಹೊರಳಲಿಲ್ಲ. ಬಿದ್ದ ಸದ್ದಿಗೆ ಗೂಡಿನ ದೀಪ ಅಲುಗಾಡಿತು.

ಎದ್ದಾಗ ಬೆನ್ನು ಕೆಂಪಾಗಿತ್ತು. ಕುತ್ತಿಗೆಯಿಂದ ಸೊಂಟದ ತನಕ ಪೂರಾ ಕೆಂಪು. ಆ ಒಂದು ಜಾಗ ಬಿಟ್ಟು. ಅವ್ವ ನನ್ನ ತೋಳು ಹಿಡಿದುಕೊಂಡಳು.

ಜವರಮ್ಮ ಒಳಗೆ ಬಂದಳು. ಕೈಯಲ್ಲಿ ಇನ್ನೂ ಕಡಲೆ ಹಿಟ್ಟು ಇತ್ತು. ಅಪ್ಪ ತಾನೇ ದೀಪ ಎತ್ತಿ ಅವಳಿಗೆ ಕೊಟ್ಟು, ಬೆನ್ನು ತಿರುಗಿಸಿ ನಿಂತ. ಅವಳು ಮೇಲಿನಿಂದ ಕೆಳಗೆ ನೋಡಿದಳು. ಕಲೆಯ ಹತ್ತಿರ ದೀಪ ನಿಂತಿತು. 

“ಬೆರಳಗಲ ಉಳ್ದೈತೆ,” ಎಂದಳು. “ನಾಳೆ ಬಾ.”

ಅದು ಅಪ್ಪನ ಗಂಟಲೇ. ಊರಲ್ಲಿ ಆ ಮಾತನ್ನು ಹಾಗೆ ಹೇಳಲು ನನಗೊಬ್ಬನಿಗೇ ಬರುತ್ತದೆ ಅಂದುಕೊಂಡಿದ್ದೆ.

ಬೋರಣ್ಣ ಕಿಟಕಿಯಿಂದ “ಅದು ಕಲೆ ಕಣಮ್ಮ, ಬಿದ್ದಿದ್ದು ಎಲ್ಲಾ ನೋಡಿದೀವಿ” ಎಂದ. ಇನ್ಯಾರೋ ಅವಳನ್ನು ಬೈದರು. ನಾನು ಸರಳು ಹಿಡಿದು ಏನೇನೋ ಕೂಗಿದೆ. ಅಪ್ಪ ನಮ್ಮ ಕಡೆ ತಿರುಗಿ ಕೈ ಎತ್ತಿದ. ಎತ್ತಲು ಬಂದದ್ದು ಬಲಗೈ ಒಂದೇ.

“ಸುಮ್ನಿರಿ,” ಎಂದ. ಆಮೇಲೆ ಅವಳಿಗೆ, “ಆಯ್ತು ತಾಯಿ. ಬರ್ತೀನಿ.”

ಆ ರಾತ್ರಿ ಅಪ್ಪ ಊಟದ ತಟ್ಟೆಯನ್ನು ನನ್ನ ಕಡೆ ತಳ್ಳಿ ಮುರಿದುಕೊಡು ಎಂದ. ಹಾಗೆ ಅವನು ಯಾರನ್ನೂ ಏನನ್ನೂ ಕೇಳಿದವನಲ್ಲ. ನಾನು ಮುದ್ದೆ ಮುರಿದು ಸಾರಿಗೆ ಅದ್ದಿ ಕೊಟ್ಟೆ. ಏನಾದರೂ ತಮಾಷೆ ಹೇಳಬೇಕಿತ್ತು, ಹೊಳೆಯಲಿಲ್ಲ. ಅವ್ವ ಮಾತ್ರ ತಡೆಯಲಾರದೆ ಹೇಳಿದಳು: “ಅವಳು ದಿನಾ ಹಂಗೇ ಅಂತಾಳೆ. ನೀವು ಉಳಿಯಲ್ಲ.”

“ಅನ್ಲಿ,” ಎಂದ ಅಪ್ಪ. “ಚೆಲುವಯ್ಯ ಒಂದು ದಿನಾನೂ ತಿರುಗಿ ಮಾತಾಡ್ಲಿಲ್ಲ. ನಾಳೆ ಬಾ ಅಂದ್ರೆ ಬಂದ. ಅವನಿಗೆ ಎಷ್ಟು ಭಾರ ಆಗಿತ್ತು ಅಂತ ನಂಗೆ ಗೊತ್ತಾಗ್ಬ್ಯಾಡ್ವಾ?”

ಮರುದಿನವೂ ಬಿದ್ದ. ಬಾಯಲ್ಲಿ ರಕ್ತ ಕಾಣಿಸಿತು. ಜವರಮ್ಮ ದೀಪ ಹಿಡಿದು ನೋಡಿ ಅದೇ ಮಾತು ಹೇಳಿದಳು. ಈ ಸಲ ಹೇಳುವ ಮುಂಚೆ ಸ್ವಲ್ಪ ತಡೆದಳು. ಅಪ್ಪ “ಆಯ್ತು ತಾಯಿ” ಎಂದ. ಅವಳು ಹೊರಗೆ ಹೋದ ಮೇಲೆ ಬೋಂಡಾ ಬಿಡಲಿಲ್ಲ, ಒಲೆ ಉರಿಯುತ್ತಿದ್ದರೂ ಸುಮ್ಮನೆ ಕೂತಿದ್ದಳು. ಎಣ್ಣೆ ಹೊಗೆಯಾಡಿತು.

ಅದರ ಮರುದಿನ ಅಪ್ಪನಿಗೆ ನಡೆಯಲಾಗಲಿಲ್ಲ. ನಾನು ಹೊತ್ತುಕೊಂಡು ಹೋದೆ. ಮಲ್ಲನಂಥ ಮನುಷ್ಯ ಒಣಗಿದ ಸೌದೆಯ ಹೊರೆಯಷ್ಟು ಹಗುರಾಗಿದ್ದ. ಗುಂಡಿಗೆ ಇಳಿಸಿದೆ. ಮೊಣಕಾಲೂರಿ, ಆಮೇಲೆ ಹೇಗೋ ಎದ್ದು, ಬಲಗೈ ಮುಂದೆ ಚಾಚಿ ನಿಂತ. ನಿಂತೇ ಇದ್ದ. ಅವನ ಕೈಗೆ ಏನೂ ಸಿಗಲಿಲ್ಲ. ಬೆರಳುಗಳು ಗಾಳಿಯಲ್ಲಿ ಹುಡುಕಿದವು, ಕಣ್ಣು ಕಾಣದವರು ಬಾಗಿಲು ಹುಡುಕುವ ಹಾಗೆ. ಬಿಸಿಲು ಕಿಟಕಿಗೆ ಬಂತು.

“ಬಂದಿಲ್ಲ,” ಎಂದ ಅಪ್ಪ.

 ಜೋಡಿ ಬರದ ದಿನ ನಮ್ಮೂರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅಪ್ಪ ನಿಧಾನಕ್ಕೆ ಮಣ್ಣಿನಲ್ಲಿ ಕೂತ. ಬಾಗಿಲ ಬಳಿ ನಿಂತಿದ್ದ ಜವರಮ್ಮನ ಕಡೆಗೆ ಬೆನ್ನು ಮಾಡಿದ. ಹಿಂದಿನ ದಿನದ ಮಣ್ಣು ಇನ್ನೂ ಒಣಗಿ ಹತ್ತಿಕೊಂಡಿತ್ತು, ಕಲೆ ಬೆಳ್ಳಗೆ ಕಾಣುತ್ತಿತ್ತು.

“ಅವನ ಕೆಲ್ಸ ಮುಗೀತು ಅಂತ ಕಾಣುತ್ತೆ ತಾಯಿ,” ಎಂದ. “ನನ್ನ ನಿನ್ನ ಕೈಗೆ ಬಿಟ್ಟು ಹೋಗವ್ನೆ. ಇನ್ಮೇಲೆ ಜೋಡಿ ನೀನೇ. ಹೆಂಗೆ ಬೇಕಾದ್ರೂ ಮಾಡು.”

ಜವರಮ್ಮ ತಿರುಗಿ ಹೊರಗೆ ಹೋದಳು. ಹೋಗೇಬಿಟ್ಟಳು ಎಂದುಕೊಂಡೆ. ಗಾಡಿಯ ಕೆಳಗಿನ ಪೆಟ್ಟಿಗೆಯಲ್ಲಿ ಏನೋ ತಡಕಾಡುವ ಸದ್ದು ಬಂತು. ಮತ್ತೆ ಬಂದಾಗ ಅವಳ ಕೈಯಲ್ಲಿ ಬಟ್ಟಲಿತ್ತು. ಅಂದು ಸರಳುಗಳ ನಡುವಿನಿಂದ ಚಾಚಿದ್ದ ಅದೇ ಬಟ್ಟಲು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿಕೊಂಡು ಗುಂಡಿಗೆ ಇಳಿದಳು. ಬೆರಳು ಅದ್ದಿ ಕಲೆಯ ಮೇಲೆ ಹರಳೆಣ್ಣೆ ಸವರಿದಳು. ಅಪ್ಪನ ಬೆನ್ನು ಒಮ್ಮೆ ಬಿಗಿಯಿತು.

“ಅವತ್ತೂ ತಂದಿದ್ದೆ,” ಎಂದಳು.

“ತಂದಿದ್ದೆ. ಬ್ಯಾಡ ಅಂದೆ.” ಅಪ್ಪನ ಬಾಯಿ ಮುಂದಿನ ಮಾತಿಗೆ ತಡಕಾಡಿತು. ಗುಂಡಿಯಲ್ಲಿ ಇಷ್ಟು ದಿನ ಅವನು ಅಷ್ಟು ಕಷ್ಟಪಟ್ಟದ್ದನ್ನು ನಾನು ನೋಡಿರಲಿಲ್ಲ. “ತಪ್ಪಾಯ್ತು ಜವರಮ್ಮ. ಅವನು ಬಿದ್ದಿದ್ದ. ನನ್ನ ಕಣ್ಣು ಚೆನ್ನಾಗಿರ್ಲಿಲ್ಲ.”

ಅವಳು ಒಂದು ಹಿಡಿ ಮಣ್ಣು ತೆಗೆದು ಆ ಜಾಗಕ್ಕೆ ಅಂಗೈಯಿಂದ ಒತ್ತಿದಳು. ಒತ್ತಿ ಹಿಡಿದೇ ಇದ್ದಳು. ಅವಳ ಹೆಗಲು ಅಲುಗುತ್ತಿತ್ತು, ಅಳುತ್ತಿದ್ದಳೋ ಅಥವಾ ಅವನನ್ನು ಮಣ್ಣಿನೊಳಕ್ಕೆ ತಳ್ಳಿಬಿಡಲು ನೋಡುತ್ತಿದ್ದಳೋ ನನಗೆ ಹಿಂದಿನಿಂದ ಗೊತ್ತಾಗಲಿಲ್ಲ. ಕೈ ತೆಗೆದಾಗ ಮಣ್ಣು ನಿಂತಿತ್ತು.

“ತುಂಬೈತೆ,” ಎಂದಳು ಕೊನೆಗೆ. “ಹೋಗು.”

ಅಪ್ಪ ಬದುಕಿದ. ಎಡಗೈ ಮತ್ತೆ ಮೇಲೇಳಲಿಲ್ಲ, ಉಸಿರಾಡುವಾಗ ಚೆಲುವಯ್ಯನ ಹಾಗೆ ಗೊರಗೊರ ಸದ್ದು ಬರುತ್ತದೆ. ಅವನೇನೂ ಮೃದುವಾಗಲಿಲ್ಲ. ನನಗೆ ಈಗಲೂ ಏಟು ಬೀಳುತ್ತದೆ, ಬಲಗೈಯಲ್ಲಿ. ಜವರಮ್ಮ ಅವನನ್ನು ಕ್ಷಮಿಸಿದಳು ಎಂದು ಊರವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅವಳು ಅಪ್ಪನ ಜೊತೆ ಅದಾದ ಮೇಲೆ ಮಾತಾಡಿಲ್ಲ, ಗಾಡಿಯನ್ನೂ ಅಲ್ಲಿಂದ ಕದಲಿಸಿಲ್ಲ. ಬಟ್ಟಲನ್ನು ಮಾತ್ರ ಗೂಡಿನಲ್ಲಿ ದೀಪದ ಪಕ್ಕ ಬಿಟ್ಟು ಹೋದಳು. ಅದರಲ್ಲಿ ಎಣ್ಣೆ ಕಡಿಮೆಯಾದಾಗ ಯಾರೋ ತುಂಬಿಸಿಡುತ್ತಾರೆ. ಅಪ್ಪ ಅಲ್ಲ, ಅವ್ವ ಅಲ್ಲ.

ಈಗ ಯಾರಾದರೂ ಗುಂಡಿಗೆ ಇಳಿಯುವ ಮುಂಚೆ ಅಪ್ಪ ಅವರ ಬೆನ್ನಿನ ಮೇಲೆ ಬಲ ಅಂಗೈ ಇಟ್ಟು, ಇಡೀ ಬೆನ್ನು ಸವರಿ, ಒಂದು ಪ್ರಶ್ನೆ ಕೇಳುತ್ತಾನೆ. “ಸುಟ್ಟಿದ್ದು, ಕುಯ್ದಿದ್ದು ಏನಾದ್ರೂ ಐತೇನಪ್ಪ? ನಾಚ್ಕೊಬ್ಯಾಡ, ಹೇಳು.” ಊರಿನ ಎಲ್ಲರ ಗಂಟಲೂ ನನಗೆ ಬರುತ್ತದೆ, ಆ ಪ್ರಶ್ನೆ ಮಾತ್ರ ಬರುವುದಿಲ್ಲ. ಟೆಂಟಿನ ಹಿಂದೆ ಒಬ್ಬನೇ ನಿಂತು ಎಷ್ಟು ಸಲ ಪ್ರಯತ್ನಿಸಿದ್ದೇನೋ. ಅಪ್ಪ ಅದನ್ನು ಕೇಳಿದಾಗಲೆಲ್ಲ ಕಿಟಕಿಯ ಆಚೆ ಜಾಲರಿಯ ಸದ್ದು ನಿಲ್ಲುತ್ತದೆ. ಬಾಣಲೆಯ ಚುರುಚುರು ಒಂದೇ ಕೇಳುತ್ತದೆ. ಒಳಗಿನವರು ಇದೆ ಅಂತಲೋ ಇಲ್ಲ ಅಂತಲೋ ಹೇಳುತ್ತಾರೆ. ಆಮೇಲೆ ಜಾಲರಿ ಮತ್ತೆ ಶುರುವಾಗುತ್ತದೆ.